ಕಳವು, ಮೋಸ, ಗಾಯ, ಜಾಮೀನು: ಕಾನೂನು ಕೊಡುವ ಅರ್ಥವೇನು?

ಓದುಗರ ಪ್ರಶ್ನೆ, ವಕೀಲರ ಉತ್ತರ

2024ರ ಜುಲೈ 1ರಿಂದ, 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಬಂದಿದೆ. ಪೊಲೀಸ್ ಮತ್ತು ಕೋರ್ಟು ಹೇಗೆ ನಡೆಯಬೇಕು ಎನ್ನುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ (ಬಿಎನ್‌ಎಸ್‌ಎಸ್). ಹಳೆಯ ಕಾನೂನಿನಲ್ಲಿ ಹತ್ತಾರು ಕಲಮುಗಳಲ್ಲಿ ಚದುರಿದ್ದ ಅರ್ಥವಿವರಣೆಗಳನ್ನು ಬಿಎನ್‌ಎಸ್ 2ನೇ ಕಲಮಿನಲ್ಲಿ ಒಟ್ಟಿಗೆ ತಂದಿದೆ. ಕಳವು, ಮೋಸ, ಕೊಲೆಯಂಥ ಅಪರಾಧಗಳ ಅರ್ಥ ಮಾತ್ರ ಆಯಾ ಅಧ್ಯಾಯದಲ್ಲೇ ಇದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಅರ್ಥಗಳ ಸುತ್ತಲೇ ಇದ್ದವು. ಅವುಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ.

ಪರಿಚಯದವರೊಬ್ಬರಿಗೆ ಮೂರು ಲಕ್ಷ ರೂಪಾಯಿ ಕೈಗಡ ಕೊಟ್ಟಿದ್ದೆ. ಆರು ತಿಂಗಳಲ್ಲಿ ಕೊಡುತ್ತೇನೆ ಎಂದವರು ಎರಡು ವರ್ಷವಾದರೂ ಕೊಟ್ಟಿಲ್ಲ. ಈಗ ಫೋನೂ ಎತ್ತುವುದಿಲ್ಲ. ಠಾಣೆಗೆ ಹೋದರೆ ‘ಇದು ಸಿವಿಲ್ ವ್ಯಾಜ್ಯ’ ಎಂದು ಹಿಂಬರಹ ಕೊಟ್ಟು ಕಳಿಸಿದರು. ಇದು ಮೋಸವಲ್ಲದೆ ಮತ್ತೇನು? — ಓದುಗರು, ದಾವಣಗೆರೆ

ನಿಮ್ಮ ಸಂಕಟ ನಿಜವಾದದ್ದೇ. ಆದರೆ ನೀವು ಬರೆದಷ್ಟೇ ಸಂಗತಿಯಾದರೆ ಅದು ಕಾನೂನಿನ ಲೆಕ್ಕದಲ್ಲಿ ಮೋಸವಾಗುವುದಿಲ್ಲ. ಬಿಎನ್‌ಎಸ್ 318ನೇ ಕಲಮಿನ ಮೋಸಕ್ಕೆ ಮೂರು ಸಂಗತಿ ಒಟ್ಟಿಗೆ ಕೂಡಿಬರಬೇಕು. ಎದುರಿನವರು ನಿಮ್ಮನ್ನು ಸುಳ್ಳು ನಂಬಿಸಿರಬೇಕು. ಆ ಸುಳ್ಳನ್ನು ನಂಬಿಯೇ ನೀವು ಹಣ ಕೊಟ್ಟಿರಬೇಕು. ಹಾಗೆ ನಂಬಿಸುವಾಗಲೇ ಅವರಲ್ಲಿ ‘ಅಪ್ರಾಮಾಣಿಕ’ ಉದ್ದೇಶ ಇದ್ದಿರಬೇಕು. ಅಂದರೆ ತಮಗೆ ಹಕ್ಕಿಲ್ಲದ ಲಾಭವನ್ನೋ ನಿಮಗೆ ಸಲ್ಲದ ನಷ್ಟವನ್ನೋ ಮಾಡಬೇಕೆಂಬ ಉದ್ದೇಶ. ಮೂರನೆಯದರಲ್ಲೇ ಹೆಚ್ಚಿನ ದೂರುಗಳು ಬಿದ್ದುಹೋಗುತ್ತವೆ. ಹಣ ಪಡೆಯುವಾಗ ಕೊಡುವ ಮನಸ್ಸಿದ್ದು, ಆಮೇಲೆ ಕೈಕಟ್ಟಿತು ಅಥವಾ ಮನಸ್ಸು ಕೆಟ್ಟಿತು ಎಂದಾದರೆ ಅದು ಮಾತು ತಪ್ಪಿದ್ದಾಗುತ್ತದೆಯೇ ಹೊರತು ಮೋಸವಲ್ಲ. ಉದ್ದೇಶ ಮೊದಲ ಕ್ಷಣದಲ್ಲೇ ಕೆಟ್ಟದ್ದಾಗಿರಬೇಕು ಎಂದು 2000ದ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಮೊದಲ ಕ್ಷಣದ ಉದ್ದೇಶವನ್ನು ತೋರಿಸುವುದು ಹೇಗೆ? ಆಗ ಹೇಳಿದ ಸುಳ್ಳಿನಿಂದ. ಇಲ್ಲದ ಸೈಟನ್ನು ತೋರಿಸಿದ್ದರೇ? ಆಗಲೇ ಮಾರಿಹೋದ ಜಮೀನಿನ ಪಹಣಿಯನ್ನು ಕೈಗಿಟ್ಟಿದ್ದರೇ? ಆಸ್ಪತ್ರೆಯ ಸುಳ್ಳು ಬಿಲ್ಲು ಕಳಿಸಿದ್ದರೇ? ಮುಚ್ಚಿದ ಖಾತೆಯ ಚೆಕ್ ಕೊಟ್ಟಿದ್ದರೇ? ಅದೇ ತಿಂಗಳಲ್ಲಿ ಅದೇ ಕಥೆ ಹೇಳಿ ಇನ್ನೂ ನಾಲ್ಕು ಜನರಿಂದ ಹಣ ಪಡೆದಿದ್ದರೇ? ಇವುಗಳಲ್ಲಿ ಒಂದಾದರೂ ಇದ್ದರೆ ದೂರಿನಲ್ಲಿ ಅದನ್ನು ತಾರೀಖು ಸಮೇತ ಬರೆಯಿರಿ. ‘ನನಗೆ ಮೋಸ ಮಾಡಿದ್ದಾರೆ’ ಎಂದು ಹತ್ತು ಸಲ ಬರೆದರೂ ಪ್ರಯೋಜನವಿಲ್ಲ, ಯಾವ ಮಾತು ಯಾವ ದಿನ ಸುಳ್ಳಾಗಿತ್ತು ಎನ್ನುವುದೇ ಬೇಕು. ಇದು ಸಾಬೀತಾದರೆ 318(4)ರಂತೆ 7 ವರ್ಷದವರೆಗೆ ಜೈಲು ಮತ್ತು ದಂಡ.

ಕೆಲವರು ಇಂಥದ್ದಕ್ಕೆ ‘ನಂಬಿಕೆ ದ್ರೋಹ’ದ 316ನೇ ಕಲಮನ್ನೂ ಸೇರಿಸಿ ದೂರು ಬರೆಸುತ್ತಾರೆ. ಅದು ಕೇಸಿಗೆ ಬಲ ಕೊಡುವುದಿಲ್ಲ, ಬದಲಿಗೆ ಸಡಿಲ ಮಾಡುತ್ತದೆ. ನಂಬಿಕೆ ದ್ರೋಹವಾಗಲು ನಿಮ್ಮ ಸ್ವತ್ತನ್ನು ಅವರ ವಶಕ್ಕೆ ಒಪ್ಪಿಸಿರಬೇಕು, ಅದು ನಿಮ್ಮದಾಗಿಯೇ ಉಳಿದಿರಬೇಕು. ಊರಿಗೆ ಹೋಗುವಾಗ ಜೋಪಾನ ಮಾಡಲು ಕೊಟ್ಟ ಒಡವೆಯನ್ನು ಅವರು ಅಡವಿಟ್ಟರೆ, ಸಂಘದ ಖಜಾಂಚಿ ಸದಸ್ಯರ ಹಣವನ್ನು ತನ್ನ ಮನೆಗೆ ಬಳಸಿಕೊಂಡರೆ ಅದು ನಂಬಿಕೆ ದ್ರೋಹ. ಸಾಲದ ಹಣ ಕೊಟ್ಟ ಕೂಡಲೇ ಪಡೆದವರದಾಗುತ್ತದೆ, ನಿಮಗೆ ಉಳಿಯುವುದು ವಾಪಸು ಕೇಳುವ ಹಕ್ಕು ಮಾತ್ರ. ಒಂದೇ ಸಂಗತಿಯ ಮೇಲೆ ಮೋಸ, ನಂಬಿಕೆ ದ್ರೋಹ ಎರಡೂ ನಿಲ್ಲಲಾರವು ಎಂದು 2024ರ ಡೆಲ್ಲಿ ರೇಸ್ ಕ್ಲಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪೊಲೀಸರಿಗೂ ಮ್ಯಾಜಿಸ್ಟ್ರೇಟರಿಗೂ ಸೇರಿಸಿಯೇ ಎಚ್ಚರಿಸಿದೆ.

ಈಗ ನೀವು ತುರ್ತಾಗಿ ಗಮನಿಸಬೇಕಾದದ್ದು ಅವಧಿಯನ್ನು. ಕೈಗಡದ ವಸೂಲಿಗೆ ಸಿವಿಲ್ ದಾವೆ ಹಾಕಲು 3 ವರ್ಷ ಮಾತ್ರ ಇದೆ. ಸುರಕ್ಷಿತವಾಗಿರಬೇಕೆಂದರೆ ಹಣ ಕೊಟ್ಟ ದಿನದಿಂದಲೇ ಲೆಕ್ಕ ಹಿಡಿಯಿರಿ. ಅಷ್ಟರೊಳಗೆ ಅವರು ಸಾಲವನ್ನು ಒಪ್ಪಿ ಸಹಿ ಮಾಡಿಕೊಟ್ಟರೆ ಆ ದಿನದಿಂದ ಹೊಸ 3 ವರ್ಷ ಸಿಗುತ್ತದೆ. ಅವರು ಕೊಟ್ಟ ಚೆಕ್ ಈಗಲೂ ಚಾಲ್ತಿಯಲ್ಲಿದ್ದು ಬೌನ್ಸ್ ಆದರೆ ಬೇರೆಯದೇ ದಾರಿ ಇದೆ: ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸು, ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ಠಾಣೆಯ ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಈ ದಿನಗಳು ಕಳೆದುಹೋಗುವುದನ್ನು ಮತ್ತೆ ಮತ್ತೆ ಕಾಣುತ್ತೇವೆ.

ರಾತ್ರಿ ನಮ್ಮ ತೋಟಕ್ಕೆ ನುಗ್ಗಿ ಅಡಿಕೆ ಗೊನೆ ಕೊಯ್ದು ಬೇಲಿಯ ಹತ್ತಿರ ರಾಶಿ ಹಾಕಿದ್ದರು. ನಾಯಿ ಬೊಗಳಿ ನಾವು ಎದ್ದದ್ದರಿಂದ ಬಿಟ್ಟು ಓಡಿದರು. ‘ಮಾಲು ಹೋಗಿಲ್ಲವಲ್ಲ, ಕಳವು ಹೇಗಾಗುತ್ತದೆ?’ ಎಂದು ಊರಿನಲ್ಲಿ ಕೆಲವರು ವಾದಿಸುತ್ತಿದ್ದಾರೆ. — ಓದುಗರು, ತೀರ್ಥಹಳ್ಳಿ

ಕಳವು ಆಗಿದೆ, ಪೂರ್ತಿಯಾಗಿಯೇ ಆಗಿದೆ. 303ನೇ ಕಲಮು ಮಾಲನ್ನು ಮನೆಗೆ ಒಯ್ಯಬೇಕು ಎನ್ನುವುದಿಲ್ಲ. ಚರ ಸ್ವತ್ತಾಗಿರಬೇಕು, ಅದು ಇನ್ನೊಬ್ಬರ ವಶದಲ್ಲಿರಬೇಕು, ಅವರ ಒಪ್ಪಿಗೆ ಇರಬಾರದು, ತೆಗೆದುಕೊಳ್ಳುವ ಅಪ್ರಾಮಾಣಿಕ ಉದ್ದೇಶ ಇರಬೇಕು, ಆ ಉದ್ದೇಶದಿಂದ ಸ್ವತ್ತನ್ನು ಕದಲಿಸಿರಬೇಕು. ಕದಲಿಸಿದ ಕ್ಷಣಕ್ಕೆ ಅಪರಾಧ ಮುಗಿಯಿತು.

ಮರದಲ್ಲಿರುವ ಗೊನೆ ಭೂಮಿಗೆ ಅಂಟಿದ ವಸ್ತು, ಆದ್ದರಿಂದ ಅಲ್ಲಿದ್ದಷ್ಟು ಹೊತ್ತು ಅದು ಚರ ಸ್ವತ್ತಲ್ಲ. ಕೊಯ್ದ ಕೂಡಲೇ ಚರ ಸ್ವತ್ತಾಗುತ್ತದೆ, ಕೊಯ್ಯುವ ಕ್ರಿಯೆಯೇ ಕದಲಿಸುವ ಕ್ರಿಯೆಯೂ ಆಗಬಹುದು ಎಂದು ಕಲಮಿನ ವಿವರಣೆಯಲ್ಲೇ ಹೇಳಿದೆ. ಗಂಧದ ಮರ, ತೆಂಗಿನಕಾಯಿ, ಏಲಕ್ಕಿ ಎಲ್ಲಕ್ಕೂ ಇದೇ ನಿಯಮ. ಅವರು ದೋಟಿ ಹಿಡಿದು ಮರದ ಕೆಳಗೆ ನಿಂತಿದ್ದಾಗಲೇ ಸಿಕ್ಕಿಬಿದ್ದಿದ್ದರೆ ಅದು ಕಳವಿನ ಯತ್ನವೋ ಬರಿಯ ಸಿದ್ಧತೆಯೋ ಎಂಬ ಚರ್ಚೆ ಬರುತ್ತಿತ್ತು. ಯತ್ನಕ್ಕೆ 62ನೇ ಕಲಮಿನಂತೆ ಗರಿಷ್ಠ ಶಿಕ್ಷೆಯ ಅರ್ಧದವರೆಗೆ ವಿಧಿಸಬಹುದು.

ಪೊಲೀಸರು ಬಂದು ಮಹಜರು ಮಾಡುವವರೆಗೆ ಗೊನೆಗಳನ್ನು ಅಲ್ಲಿಂದ ತೆಗೆಯಬೇಡಿ. ಕೊಯ್ದ ಮರಗಳೆಷ್ಟು, ಗೊನೆ ಎಷ್ಟು, ರಾಶಿ ಮರದಿಂದ ಎಷ್ಟು ಅಡಿ ದೂರದಲ್ಲಿತ್ತು ಎನ್ನುವುದು ಮಹಜರಿನಲ್ಲಿ ಬರಲಿ. ‘ಕದಲಿಸಿದ್ದಾರೆ’ ಎನ್ನುವುದಕ್ಕೆ ಅದೇ ಪುರಾವೆ. ಮೌಲ್ಯವನ್ನೂ ಆ ದಿನದ ಮಾರುಕಟ್ಟೆ ದರದಂತೆ ಬರೆಸಿ. ಮೊದಲ ಸಲ ತಪ್ಪಿತಸ್ಥರಾದವರು, ಮಾಲು 5,000 ರೂಪಾಯಿಗಿಂತ ಕಡಿಮೆಯದಾಗಿದ್ದು, ಅದನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ ಈಗ ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ ಇದೆ. ಹಾಗಾಗಿ ಮೌಲ್ಯದ ಅಂಕಿಯ ಮೇಲೆ ಶಿಕ್ಷೆಯ ಸ್ವರೂಪವೇ ಬದಲಾಗುತ್ತದೆ.

ಎರಡು ದಿನ ಓಡಿಸಿ ವಾಪಸು ಇಡೋಣ ಎಂದು ಪಕ್ಕದವರ ಬೈಕನ್ನು ಕೇಳದೆ ಒಯ್ದರೆ? ಗ್ಯಾರೇಜಿನಲ್ಲಿರುವ ನನ್ನದೇ ಬೈಕನ್ನು ಬಿಲ್ಲು ಕೊಡದೆ ತಂದರೆ? — ಓದುಗರು, ಮಂಡ್ಯ

ಎರಡೂ ಕಳವಾಗಬಹುದು. ವಾಪಸು ಇಡುವ ಯೋಚನೆ ಇದ್ದರೂ ಅಷ್ಟು ದಿನ ಮಾಲೀಕರಿಗೆ ಆಗುವ ನಷ್ಟ ಸಲ್ಲದ ನಷ್ಟವೇ. ಜೋಧ್‌ಪುರದ ವಾಯುಪಡೆ ಅಕಾಡೆಮಿಯಿಂದ ತರಬೇತಿಯ ವಿಮಾನವನ್ನು ಅನುಮತಿಯಿಲ್ಲದೆ ಹಾರಿಸಿಕೊಂಡು ಹೋದ ಕೆ.ಎನ್. ಮೆಹ್ರಾ ಪ್ರಕರಣದಲ್ಲಿ, ತಾತ್ಕಾಲಿಕವಾಗಿ ಒಯ್ದದ್ದೂ ಕಳವೇ ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ತೀರ್ಮಾನಿಸಿತು. ಇನ್ನು ಕಳವಿಗೆ ಬೇಕಾದದ್ದು ಇನ್ನೊಬ್ಬರ ವಶದಿಂದ ತೆಗೆಯುವುದು, ಮಾಲೀಕತ್ವದ ಪ್ರಶ್ನೆ ಅಲ್ಲಿಲ್ಲ. ರಿಪೇರಿಯ ಹಣ ಬಾಕಿ ಇದ್ದು ಅದಕ್ಕೆ ಭದ್ರತೆಯಾಗಿ ಗ್ಯಾರೇಜಿನವರು ಗಾಡಿಯನ್ನು ಕಾನೂನುಬದ್ಧವಾಗಿ ಇಟ್ಟುಕೊಂಡಿದ್ದರೆ, ಆ ಭದ್ರತೆ ತಪ್ಪಿಸಲೆಂದೇ ನೀವು ಒಯ್ದರೆ ನಿಮ್ಮದೇ ಬೈಕಿನ ಕಳ್ಳ ನೀವಾಗುತ್ತೀರಿ. ಕೈಗಡಿಯಾರದ ಉದಾಹರಣೆ ಕೊಟ್ಟು ಕಲಮಿನಲ್ಲೇ ಇದನ್ನು ಹೇಳಲಾಗಿದೆ. ಬಿಲ್ಲಿನ ಬಗ್ಗೆ ತಕರಾರಿದ್ದರೆ ಹಣ ಕೊಟ್ಟು, ರಸೀದಿಯ ಮೇಲೆ ‘ಆಕ್ಷೇಪದೊಂದಿಗೆ ಪಾವತಿ’ ಎಂದು ಬರೆದು, ಗ್ರಾಹಕರ ಆಯೋಗಕ್ಕೆ ಹೋಗಿ.

ಬಸ್ ನಿಲ್ದಾಣದಲ್ಲಿ ಬಿದ್ದು ಸಿಕ್ಕ ಮೊಬೈಲನ್ನು ಇಟ್ಟುಕೊಂಡರೆ? — ಓದುಗರು, ವಿಜಯಪುರ

ಎತ್ತಿಕೊಂಡದ್ದು ಅಪರಾಧವಲ್ಲ. ವಾರಸುದಾರರನ್ನು ಪತ್ತೆ ಮಾಡಲು ದಾರಿ ಇದ್ದೂ ತನ್ನದಾಗಿಸಿಕೊಂಡರೆ 314ನೇ ಕಲಮಿನ ದುರ್ಬಳಕೆ, ಕನಿಷ್ಠ 6 ತಿಂಗಳಿಂದ 2 ವರ್ಷದವರೆಗೆ ಜೈಲು ಮತ್ತು ದಂಡ. ಮೊಬೈಲಿನ ವಿಷಯದಲ್ಲಿ ‘ಯಾರದೆಂದು ಗೊತ್ತಾಗಲಿಲ್ಲ’ ಎಂಬ ಮಾತು ನಿಲ್ಲುವುದು ಕಷ್ಟ. ಅದಕ್ಕೆ ಕರೆ ಬರುತ್ತದೆ, ಒಳಗೆ ಸಿಮ್ ಇರುತ್ತದೆ. ಸಿಮ್ ತೆಗೆದೆಸೆದು ಬೇರೆಯದು ಹಾಕಿದರೆ ಉದ್ದೇಶಕ್ಕೆ ಅದೇ ಸಾಕ್ಷಿಯಾಗುತ್ತದೆ, ಮತ್ತು ಐಎಂಇಐ ಸಂಖ್ಯೆಯಿಂದ ಪೊಲೀಸರು ಪತ್ತೆ ಮಾಡುತ್ತಾರೆ. ಹತ್ತಿರದ ಠಾಣೆಗೆ ಅಥವಾ ನಿಲ್ದಾಣದ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಬದುವಿನ ಜಗಳದಲ್ಲಿ ನನ್ನ ತಮ್ಮನಿಗೆ ದೊಣ್ಣೆಯಿಂದ ಹೊಡೆದು ಕೈಬೆರಳು ಮುರಿದಿದ್ದಾರೆ. ಆಸ್ಪತ್ರೆಯ ಗಾಯದ ಪ್ರಮಾಣಪತ್ರದಲ್ಲಿ ‘ಸಾದಾ ಸ್ವರೂಪ’ ಎಂದಿದೆ. ಆರು ದಿನ ಒಳರೋಗಿಯಾಗಿದ್ದ. 15 ದಿನ ಆಸ್ಪತ್ರೆಯಲ್ಲಿದ್ದರೆ ಮಾತ್ರ ತೀವ್ರ ಗಾಯ ಎನ್ನುತ್ತಾರಲ್ಲ? — ಓದುಗರು, ಹಾವೇರಿ

ಇಲ್ಲಿ ಎರಡು ವಿಷಯ ಕಲೆಸಿಹೋಗಿವೆ. 116ನೇ ಕಲಮು ತೀವ್ರ ಗಾಯದ ಎಂಟು ಬಗೆಗಳನ್ನು ಹೇಳುತ್ತದೆ: ಪುರುಷತ್ವ ನಾಶ, ಒಂದು ಕಣ್ಣಿನದಾದರೂ ಶಾಶ್ವತ ದೃಷ್ಟಿನಾಶ, ಒಂದು ಕಿವಿಯ ಶಾಶ್ವತ ಕಿವುಡು, ಅಂಗ ಅಥವಾ ಕೀಲು ಹೋಗುವುದು, ಅಂಗ ಅಥವಾ ಕೀಲಿನ ಶಕ್ತಿ ಶಾಶ್ವತವಾಗಿ ಕುಂದುವುದು, ತಲೆ ಅಥವಾ ಮುಖ ಶಾಶ್ವತವಾಗಿ ವಿಕಾರವಾಗುವುದು, ಮೂಳೆ ಅಥವಾ ಹಲ್ಲು ಮುರಿಯುವುದು ಇಲ್ಲವೆ ಸ್ಥಾನ ತಪ್ಪುವುದು, ಕೊನೆಯದು ಜೀವಕ್ಕೆ ಅಪಾಯ ತರುವ ಅಥವಾ 15 ದಿನ ಅತೀವ ನೋವಿನಲ್ಲಿಡುವ ಇಲ್ಲವೆ ದಿನನಿತ್ಯದ ಕೆಲಸ ಮಾಡಲಾಗದಂತೆ ಮಾಡುವ ಗಾಯ. ಎಂಟರಲ್ಲಿ ಒಂದಿದ್ದರೆ ಸಾಕು. 15 ದಿನದ ಲೆಕ್ಕ ಕೊನೆಯ ಬಗೆಗೆ ಮಾತ್ರ ಸೇರಿದ್ದು, ಅದೂ ನೋವಿನ ಮತ್ತು ಅಶಕ್ತತೆಯ ಲೆಕ್ಕ. ಹಾಸಿಗೆಯಲ್ಲಿದ್ದ ದಿನಗಳಷ್ಟರಿಂದಲೇ ಅದು ತೀರ್ಮಾನವಾಗುವುದಿಲ್ಲ. ಹಳೆಯ ಕಾನೂನಿನಲ್ಲಿ ಇದು 20 ದಿನವಿತ್ತು, 2024ರ ಜುಲೈ 1ಕ್ಕಿಂತ ಮುಂಚಿನ ಘಟನೆಗಳಿಗೆ ಈಗಲೂ 20 ದಿನವೇ.

ಬೆರಳಿನ ಮೂಳೆ ಮುರಿದಿದ್ದರೆ ಆರು ದಿನವಾಗಲಿ ಅರ್ಧ ದಿನವಾಗಲಿ ಅದು ತೀವ್ರ ಗಾಯ. ಮೂಳೆ ಎರಡು ತುಂಡಾಗಲೇಬೇಕೆಂದಿಲ್ಲ, ಸೀಳಿದರೂ ಮುರಿತವೇ ಎಂದು ಹೋರಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾದರೆ ‘ಸಾದಾ’ ಎಂದು ಬಂದದ್ದು ಏಕೆ? ಸಾಮಾನ್ಯವಾಗಿ ಕಾಣುವ ಕಾರಣವೆಂದರೆ, ಮೊದಲ ದಿನ ಊತ ನೋಡಿ ಪಟ್ಟಿ ಕಟ್ಟಿ ಪ್ರಮಾಣಪತ್ರ ಬರೆದಿರುತ್ತಾರೆ, ಎಕ್ಸ್-ರೇ ಆಮೇಲೆ ಬೇರೆ ಕಡೆ ತೆಗೆಸಿರುತ್ತಾರೆ, ಅದು ತನಿಖಾಧಿಕಾರಿಯ ಕಡತಕ್ಕೆ ಸೇರಿರುವುದೇ ಇಲ್ಲ. ಎಕ್ಸ್-ರೇ ಫಿಲ್ಮು ಮತ್ತು ರೇಡಿಯಾಲಜಿಸ್ಟರ ವರದಿಯ ಪ್ರತಿಗಳನ್ನು ತನಿಖಾಧಿಕಾರಿಗೆ ಲಿಖಿತವಾಗಿ ಕೊಟ್ಟು, ಪ್ರಮಾಣಪತ್ರ ಬರೆದ ವೈದ್ಯರ ಅಂತಿಮ ಅಭಿಪ್ರಾಯ ಪಡೆಯುವಂತೆ ಕೇಳಿ. ಆರೋಪಪಟ್ಟಿ ಕೋರ್ಟಿಗೆ ಹೋಗುವ ಮೊದಲೇ ಇದು ಆಗಲಿ.

ವ್ಯತ್ಯಾಸ ಸಣ್ಣದಲ್ಲ. ಸಾದಾ ಗಾಯಕ್ಕೆ 115(2)ರಂತೆ 1 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ತೀವ್ರ ಗಾಯಕ್ಕೆ 117(2)ರಂತೆ 7 ವರ್ಷದವರೆಗೆ ಜೈಲು ಮತ್ತು ದಂಡ. ಆದರೆ ಮೂಳೆ ಮುರಿದರಷ್ಟೇ ಸಾಲದು. ಹೊಡೆದವರು ತೀವ್ರ ಗಾಯವನ್ನೇ ಉದ್ದೇಶಿಸಿದ್ದರು ಅಥವಾ ಹಾಗಾಗಬಹುದೆಂದು ತಿಳಿದಿದ್ದರು ಎನ್ನುವುದೂ ಬೇಕು. ದೊಣ್ಣೆಯ ದಪ್ಪ, ಎಷ್ಟು ಸಲ ಬೀಸಿದರು, ಎಲ್ಲಿಗೆ ಗುರಿಯಿಟ್ಟರು ಎಂಬ ವಿವರಗಳು ತಮ್ಮನ ಹೇಳಿಕೆಯಲ್ಲಿ ಇರಲೇಬೇಕು.

ಗಾಯಕ್ಕೂ ‘ಹಾನಿ’ಗೂ ಏನು ವ್ಯತ್ಯಾಸ ಎಂದೂ ಇದೇ ಪತ್ರದಲ್ಲಿ ಕೇಳಿದ್ದೀರಿ. ‘ಹಾನಿ’ ಎನ್ನುವುದು ಕಾನೂನಿನಲ್ಲಿ ಗಾಯಕ್ಕಿಂತ ಬಹಳ ವಿಶಾಲ. ಮೈ, ಮನಸ್ಸು, ಮರ್ಯಾದೆ, ಆಸ್ತಿ ಯಾವುದಕ್ಕೆ ಕಾನೂನುಬಾಹಿರವಾಗಿ ಕೆಡುಕು ಮಾಡಿದರೂ ಹಾನಿಯೇ. ಆದ್ದರಿಂದ ‘ಕೇಸು ವಾಪಸು ತೆಗೆಯದಿದ್ದರೆ ಊರಲ್ಲಿ ನಿನ್ನ ಮಾನ ಕಳೆಯುತ್ತೇನೆ’ ಎಂದು ಹೆದರಿಸುವುದೂ 351ನೇ ಕಲಮಿನ ಬೆದರಿಕೆಯಾಗುತ್ತದೆ.

ಎಫ್‌ಐಆರ್ ಮಾಡಿ ಎಂದರೆ ‘ಎನ್‌ಸಿಆರ್’ ಮಾಡಿ ಕಳಿಸಿದರು. ಇನ್ನೊಂದು ಕೇಸಿನಲ್ಲಿ ‘ಜಾಮೀನುರಹಿತ’ ಅಂದರು, ಮೂರನೇ ದಿನವೇ ಆರೋಪಿಗೆ ಜಾಮೀನು ಸಿಕ್ಕಿತು. ಇವುಗಳ ಅರ್ಥವೇನು? — ಓದುಗರು, ತುಮಕೂರು

ಅಪರಾಧ ಸಂಜ್ಞೇಯವಾದರೆ ಪೊಲೀಸರು ಕೋರ್ಟಿನ ಅಪ್ಪಣೆಯಿಲ್ಲದೆ ತನಿಖೆ ಮಾಡಬಹುದು, ವಾರಂಟ್ ಇಲ್ಲದೆ ದಸ್ತಗಿರಿ ಮಾಡಬಹುದು. ಆಗ ಬಿಎನ್‌ಎಸ್‌ಎಸ್ 173ನೇ ಕಲಮಿನಂತೆ ಎಫ್‌ಐಆರ್ ಆಗಬೇಕು, ಅದರ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು. ಅಸಂಜ್ಞೇಯವಾದರೆ 174ರಂತೆ ಪುಸ್ತಕದಲ್ಲಿ ಸಾರಾಂಶ ಬರೆದುಕೊಂಡು ನಿಮ್ಮನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸುತ್ತಾರೆ, ಅದೇ ಎನ್‌ಸಿಆರ್. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಅವರು ತನಿಖೆ ಮಾಡುವಂತೆಯೇ ಇಲ್ಲ. ಸಾದಾ ಗಾಯ, ಮಾನಹಾನಿ ಇವೆಲ್ಲ ಆ ಗುಂಪಿನವು. ಒಂದೇ ಘಟನೆಯಲ್ಲಿ ಒಂದಾದರೂ ಸಂಜ್ಞೇಯ ಅಪರಾಧ ಇದ್ದರೆ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ನೋಡಬೇಕು. ನಿಮ್ಮ ಬರವಣಿಗೆಯಲ್ಲಿ ಆ ಒಂದು ಸಂಗತಿ ಬಿಟ್ಟುಹೋದರೆ ಎನ್‌ಸಿಆರ್‌ನಲ್ಲೇ ಮುಗಿಯುತ್ತದೆ. ಆದ್ದರಿಂದ ದೂರಿನಲ್ಲಿ ಕಲಮಿನ ಸಂಖ್ಯೆ ಬರೆಯುವ ಆತುರ ಬೇಡ. ಯಾರು, ಯಾವಾಗ, ಎಲ್ಲಿ, ಯಾವುದರಿಂದ, ಏನು ಹೇಳಿ, ಏನು ಮಾಡಿದರು ಎನ್ನುವುದನ್ನು ನಡೆದ ಕ್ರಮದಲ್ಲೇ ಬರೆಯಿರಿ, ಕಲಮು ಹಚ್ಚುವುದು ಠಾಣೆಯ ಕೆಲಸ. ಸಂಜ್ಞೇಯ ಅಪರಾಧ ಇದ್ದೂ ಎಫ್‌ಐಆರ್ ಮಾಡದಿದ್ದರೆ ದೂರಿನ ಸಾರವನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ. ಅಂಚೆಯ ರಸೀದಿಯನ್ನು ಜೋಪಾನವಾಗಿಡಿ, ಕೋರ್ಟು ಅದನ್ನು ಕೇಳುತ್ತದೆ.

ಜಾಮೀನುರಹಿತ ಎಂದರೆ ಜಾಮೀನೇ ಇಲ್ಲ ಎಂದಲ್ಲ. ಜಾಮೀನೀಯ ಅಪರಾಧದಲ್ಲಿ ಜಾಮೀನು ಆರೋಪಿಯ ಹಕ್ಕು, ಠಾಣೆಯಲ್ಲೇ ಕೊಡಬೇಕು. ಉಳಿದವುಗಳಲ್ಲಿ ಅದು ಕೋರ್ಟಿನ ವಿವೇಚನೆ, ಮೂರನೇ ದಿನ ಸಿಕ್ಕಿದ್ದರಲ್ಲಿ ತಪ್ಪೇನೂ ಇಲ್ಲ. ಯಾವ ಅಪರಾಧ ಯಾವ ಗುಂಪಿನದು ಎನ್ನುವುದು ಬಿಎನ್‌ಎಸ್‌ಎಸ್‌ನ ಮೊದಲ ಅನುಸೂಚಿಯ ನಾಲ್ಕು ಮತ್ತು ಐದನೆಯ ಅಂಕಣದಲ್ಲಿದೆ. ಶಿಕ್ಷೆಯ ಪ್ರಮಾಣ ನೋಡಿ ಊಹಿಸಬೇಡಿ.

ನನ್ನ ಮಗ ಜಗಳ ನೋಡಲು ನಿಂತಿದ್ದ. ಅವನ ಹೆಸರನ್ನೂ ಸೇರಿಸಿ ‘ಅಕ್ರಮ ಕೂಟ’ ಎಂದು ಕೇಸು ಮಾಡಿದ್ದಾರೆ. — ಓದುಗರು, ರಾಯಚೂರು

ಅಕ್ರಮ ಕೂಟವಾಗಲು ಐದು ಅಥವಾ ಹೆಚ್ಚು ಜನ ಇರಬೇಕು, 189ನೇ ಕಲಮಿನಲ್ಲಿ ಹೇಳಿದ ಉದ್ದೇಶಗಳಲ್ಲಿ ಒಂದು ಅವರೆಲ್ಲರಿಗೂ ಸಮಾನವಾಗಿರಬೇಕು. ಅದು ಗೊತ್ತಿದ್ದೂ ಬೇಕೆಂದೇ ಸೇರಿದವರು ಅಥವಾ ಅಲ್ಲೇ ಉಳಿದವರು ಮಾತ್ರ ಸದಸ್ಯರು. ಸದಸ್ಯನಾಗಿದ್ದರೆ ತಾನು ಕೈ ಎತ್ತದಿದ್ದರೂ 190ರಂತೆ ಉಳಿದವರು ಮಾಡಿದ್ದಕ್ಕೆ ಹೊಣೆ, ಕೇಸಿನ ಭಾರ ಇರುವುದೇ ಇಲ್ಲಿ. ದಾರಿಹೋಕನಾಗಿ ನಿಂತು ನೋಡಿದವನು ಸದಸ್ಯನಲ್ಲ. ಮಗ ಎಲ್ಲಿಂದ ಬರುತ್ತಿದ್ದ, ಕೈಯಲ್ಲಿ ಏನಿತ್ತು, ಯಾವ ಗುಂಪಿನೊಂದಿಗೆ ಬಂದು ಯಾವಾಗ ಹೋದ ಎನ್ನುವುದಕ್ಕೆ ಸಾಕ್ಷಿ ಹುಡುಕಿ. ಹತ್ತಿರದ ಅಂಗಡಿಯ ಸಿಸಿಟಿವಿ ದೃಶ್ಯ ಕೆಲವೇ ದಿನದಲ್ಲಿ ಅಳಿಸಿಹೋಗುತ್ತದೆ, ಅದನ್ನು ವಶಕ್ಕೆ ಪಡೆಯುವಂತೆ ತನಿಖಾಧಿಕಾರಿಗೆ ಇಂದೇ ಲಿಖಿತ ಮನವಿ ಕೊಡಿ. ಇನ್ನೊಂದು ಅಂಶ: ವಿಚಾರಣೆಯ ಕೊನೆಗೆ ಉಳಿಯುವವರು ಐದಕ್ಕಿಂತ ಕಡಿಮೆಯಾಗಿ, ಗುರುತು ಸಿಗದ ಬೇರೆಯವರೂ ಇದ್ದರೆಂದು ಕೋರ್ಟು ಹೇಳದಿದ್ದರೆ 190 ಬಿದ್ದುಹೋಗುತ್ತದೆ. ಆಗ 3(5)ರ ‘ಸಮಾನ ಇರಾದೆ’ಯನ್ನು ತೋರಿಸಬೇಕಾಗುತ್ತದೆ. ಅದಕ್ಕೆ ಇಬ್ಬರಿದ್ದರೂ ಸಾಕು, ಆದರೆ ಮನಸ್ಸು ಮೊದಲೇ ಒಂದಾಗಿತ್ತು ಎನ್ನುವುದಕ್ಕೆ ಪುರಾವೆ ಬೇಕು.

ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆಲಸದವರೊಬ್ಬರ ಫೋಟೊ ಹಾಕಿ ‘ಇವರು ಕಳ್ಳರು, ಎಚ್ಚರ’ ಎಂದು ಬರೆದೆ. ಎಲ್ಲರ ಒಳ್ಳೆಯದಕ್ಕೇ ಬರೆದದ್ದು. ಈಗ ಮಾನಹಾನಿಯ ನೋಟಿಸು ಬಂದಿದೆ. — ಓದುಗರು, ಬೆಂಗಳೂರು

ಮಾನಹಾನಿಯ 356ನೇ ಕಲಮಿನ ವಿನಾಯಿತಿಗಳಲ್ಲಿ ಬಹಳಷ್ಟು ‘ಸದ್ಭಾವನೆ’ಯ ಮೇಲೆ ನಿಂತಿವೆ. ಆದರೆ ಬಿಎನ್‌ಎಸ್‌ನಲ್ಲಿ ಒಳ್ಳೆಯ ಮನಸ್ಸಿದ್ದರೆ ಸದ್ಭಾವನೆ ಆಗಿಬಿಡುವುದಿಲ್ಲ. ತಕ್ಕ ಎಚ್ಚರಿಕೆ ಮತ್ತು ಗಮನವಿಲ್ಲದೆ ಮಾಡಿದ್ದು, ನಂಬಿದ್ದು ಯಾವುದೂ ಸದ್ಭಾವನೆಯದಲ್ಲ ಎಂದು 2ನೇ ಕಲಮು ಹೇಳುತ್ತದೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯಲ್ಲಿ ಅಜಾಗರೂಕತೆ ಇದ್ದರೂ ಪ್ರಾಮಾಣಿಕತೆ ಇದ್ದರೆ ಸಾಕು. ಕ್ರಿಮಿನಲ್ ಕಾನೂನು ಹೆಚ್ಚು ಕಟ್ಟುನಿಟ್ಟು. ಬರೆಯುವ ಮೊದಲು ನೀವೇನು ವಿಚಾರಿಸಿದಿರಿ ಎನ್ನುವುದೇ ಪ್ರಶ್ನೆ: ಸಿಸಿಟಿವಿ ನೋಡಿದಿರಾ, ಅವರನ್ನೇ ಕೇಳಿದಿರಾ, ಠಾಣೆಗೆ ದೂರು ಕೊಟ್ಟಿದ್ದಿರಾ? ಏನೂ ಇಲ್ಲದಿದ್ದರೆ ಸಂದೇಶ ಅಳಿಸಿ, ಅದೇ ಗುಂಪಿನಲ್ಲಿ ಸ್ಪಷ್ಟವಾಗಿ ಕ್ಷಮೆ ಕೇಳಿ, ನೋಟಿಸಿಗೆ ವಕೀಲರ ಮೂಲಕ ಉತ್ತರ ಕೊಡಿ. ದಿನಗೂಲಿ ದುಡಿಯುವವರಿಗೆ ಇಂಥ ಒಂದು ಸಂದೇಶದಿಂದ ಹತ್ತು ಮನೆಯ ಕೆಲಸ ಹೋಗುತ್ತದೆ. ಅನುಮಾನವಿದ್ದರೆ ಅದನ್ನು ತಿಳಿಸಬೇಕಾದದ್ದು ಠಾಣೆಗೆ.

ಜೀವಾವಧಿ ಶಿಕ್ಷೆ ಎಂದರೆ 14 ವರ್ಷವೇ, 20 ವರ್ಷವೇ? — ಓದುಗರು, ಧಾರವಾಡ

ಎರಡೂ ಅಲ್ಲ, ಉಳಿದ ಆಯುಷ್ಯವೆಲ್ಲ. 1961ರಲ್ಲಿ ಗೋಪಾಲ ವಿನಾಯಕ ಗೋಡ್ಸೆ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿದೆ. 20 ವರ್ಷ ಎನ್ನುವುದು ಬಿಎನ್‌ಎಸ್ 6ನೇ ಕಲಮಿನಲ್ಲಿ ಭಾಗ ಲೆಕ್ಕಕ್ಕೆ ಮಾತ್ರ ಬರುತ್ತದೆ. ಮೇಲೆ ಹೇಳಿದ ಯತ್ನದ 62ನೇ ಕಲಮಿನಲ್ಲಿ ‘ಜೀವಾವಧಿಯ ಅರ್ಧ’ ಎಂದಾಗ 10 ವರ್ಷ ಎಂದು ತಿಳಿಯಲು. 14 ವರ್ಷ ಬರುವುದು ಬಿಎನ್‌ಎಸ್‌ಎಸ್ 475ರಿಂದ: ಮರಣದಂಡನೆಯನ್ನೂ ವಿಧಿಸಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಪಡೆದವರನ್ನು ಕನಿಷ್ಠ 14 ವರ್ಷ ಜೈಲಿನಲ್ಲಿ ಕಳೆಯುವ ಮೊದಲು ಸರ್ಕಾರ ಈ ಸಂಹಿತೆಯಡಿ ಶಿಕ್ಷೆ ಕಡಿತ ಮಾಡಿ ಬಿಡುವಂತಿಲ್ಲ. ಅಷ್ಟು ವರ್ಷ ಮುಗಿದರೆ ಬಿಡುಗಡೆಗೆ ಅರ್ಜಿ ಪರಿಶೀಲನೆಗೆ ಬರಬಹುದು, ಬಿಡುಗಡೆ ಹಕ್ಕಾಗಿ ಸಿಗುವುದಿಲ್ಲ.

ಕ್ರಿಮಿನಲ್ ಕಾನೂನಿನಲ್ಲಿ ‘ಮಗು’ ಎಂದರೆ ಎಷ್ಟು ವಯಸ್ಸಿನವರೆಗೆ? — ಓದುಗರು, ಕೊಪ್ಪಳ

18 ವರ್ಷ ತುಂಬದ ಯಾರಾದರೂ. ಈ ಅರ್ಥವನ್ನು ಬಿಎನ್‌ಎಸ್ ಹೊಸದಾಗಿ 2ನೇ ಕಲಮಿಗೆ ಸೇರಿಸಿದೆ. ಹೊಣೆಗಾರಿಕೆಯ ವಯಸ್ಸು ಬೇರೆ: 7 ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ. 7ರಿಂದ 12ರೊಳಗಿನವರು ತಮ್ಮ ಕೃತ್ಯದ ಸ್ವರೂಪ, ಪರಿಣಾಮ ತಿಳಿಯುವಷ್ಟು ಬಲಿತಿರದಿದ್ದರೆ ಅವರ ಮೇಲೂ ಹೊಣೆ ಇಲ್ಲ. 18ರೊಳಗಿನ ಉಳಿದವರ ಪ್ರಕರಣ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ವಯಸ್ಸಿಗೆ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆಯ ವೈದ್ಯಕೀಯ ಪರೀಕ್ಷೆ. ಆಧಾರ್ ಕಾರ್ಡು ಈ ಸಾಲಿನಲ್ಲಿ ಇಲ್ಲ, ಶಾಲೆಯ ದಾಖಲೆಯನ್ನೇ ಹುಡುಕಿ ತನ್ನಿ.